ಸೇನೆ ಬಿಟ್ಟ ರೈಫಲ್ ಯಾರಿಗೆ?

ಕಾಲ್ ಆಫ್ ಡ್ಯೂಟಿಯ ಹಳೇ ಗೇಮ್‌ಗಳನ್ನು ಆಡಿದವರಿಗೆ ಆ ಸದ್ದು ಗೊತ್ತಿರುತ್ತೆ. ಎಂಟು ಗುಂಡು ಮುಗಿದ ತಕ್ಷಣ ಖಾಲಿ ಕ್ಲಿಪ್ 'ಪಿಂಗ್' ಅಂತ ಹೊರಗೆ ಹಾರುತ್ತೆ. ಆ ಬಂದೂಕು ಎಂ1 ಗ್ಯಾರಂಡ್. ಎರಡನೇ ಮಹಾಯುದ್ಧದಲ್ಲೂ ಕೊರಿಯಾ ಯುದ್ಧದಲ್ಲೂ ಅಮೆರಿಕದ ಸೈನಿಕನ ಕೈಯಲ್ಲಿದ್ದದ್ದು ಇದೇ. ಗೇಮ್ ಹೇಳದೇ ಇರುವ ವಿಷಯ ಏನಂದ್ರೆ, ಅಮೆರಿಕದ ಸಾಮಾನ್ಯ ಪ್ರಜೆಯೊಬ್ಬ ಇದೇ ರೈಫಲನ್ನು, ನಕಲಿಯಲ್ಲ, ಸೇನೆ ಬಳಸಿ ಬಿಟ್ಟ ಅಸಲಿಯನ್ನೇ, ಅಲ್ಲಿನ ಸಂಸತ್ತು ಕಾಯ್ದೆ ಮಾಡಿ ಹುಟ್ಟುಹಾಕಿದ ಸಂಸ್ಥೆಯಿಂದ ಕೊಂಡು ಮನೆಗೇ ತರಿಸಿಕೊಳ್ಳಬಹುದು.

ಆ ಸಂಸ್ಥೆಯ ಹೆಸರು ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ, ಚಿಕ್ಕದಾಗಿ ಸಿಎಂಪಿ. ಕೊಳ್ಳುವವನು ಅಮೆರಿಕದ ಪ್ರಜೆಯಾಗಿರಬೇಕು, ಸಂಯೋಜಿತ ಕ್ಲಬ್ಬೊಂದರ ಸದಸ್ಯನಾಗಿರಬೇಕು, ಗುರಿ ಹೊಡೆಯುವ ಅಭ್ಯಾಸ ಇದೆ ಅಂತ ತೋರಿಸಬೇಕು, ಹಿನ್ನೆಲೆ ಪರಿಶೀಲನೆ ಪಾಸಾಗಬೇಕು. ಅಲ್ಲಿನ ಎಷ್ಟೋ ಬಂದೂಕಿನ ಅಂಗಡಿಗಳಿಗಿಂತ ಇದು ಕಟ್ಟುನಿಟ್ಟು. ಹಾಗಿದ್ದೂ ಈ ಮಾರಾಟ ಇನ್ನು ಎಷ್ಟು ವರ್ಷ ನಡೆಯುತ್ತೆ, ಹೇಗೆ ಮುಗಿಯುತ್ತೆ ಅನ್ನೋದು ದೊಡ್ಡ ರಾಜಕೀಯ ಪ್ರಶ್ನೆ. ಗ್ಯಾರಂಡ್‌ಗಳು ಖಾಲಿಯಾಗುವವರೆಗೆ ಮಾರಲಿ, ಖಾಲಿಯಾದ ದಿನ ಅಂಗಡಿ ಮುಚ್ಚಲಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ನಡೆಯುತ್ತಿರುವುದು ಬೇರೆ. ಮುಚ್ಚುವ ಬದಲು ಹೊಸ ಸರಕು ಹುಡುಕುತ್ತಿದ್ದಾರೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಮಾಡಿದ ಅಮೆರಿಕಕ್ಕೆ ತನ್ನ ಹುಡುಗರಿಗೆ ಗುರಿಯೇ ಇಲ್ಲ ಅನ್ನೋ ಚಿಂತೆ ಹತ್ತಿತು. ಥಿಯೊಡೋರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ, 1903ರಲ್ಲಿ, ರೈಫಲ್ ಅಭ್ಯಾಸಕ್ಕೆ ಅಂತಲೇ ರಾಷ್ಟ್ರೀಯ ಮಂಡಳಿ ಬಂತು. 1905ರಲ್ಲಿ ಹೆಚ್ಚುವರಿ ರೈಫಲ್‌ಗಳನ್ನು ಕ್ಲಬ್ಬುಗಳಿಗೆ ಮಾರಲು ಅನುಮತಿ ಸಿಕ್ಕಿತು. ನಾಳೆ ಯುದ್ಧ ಬಂದರೆ ಈ ನಾಗರಿಕರೇ ಸೈನಿಕರು ಅನ್ನುವ ಲೆಕ್ಕ. ಆ ಕಾಲಕ್ಕೆ ಅದು ಹುಚ್ಚಲ್ಲ. 1990ರ ಹೊತ್ತಿಗೆ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧಕರೇ ಈ ಕಾರ್ಯಕ್ರಮದಿಂದ ಸೇನೆಗೆ ಹೆಚ್ಚೇನೂ ಪ್ರಯೋಜನವಿಲ್ಲ ಅಂತ ವರದಿ ಕೊಟ್ಟರು. 1996ರಲ್ಲಿ ಇದನ್ನು ಸೇನೆಯಿಂದ ಬೇರ್ಪಡಿಸಿ ಲಾಭರಹಿತ ನಿಗಮಕ್ಕೆ ಒಪ್ಪಿಸಿದರು. ರೈಫಲ್ ಮಾರಿ ಬಂದ ದುಡ್ಡಿನಲ್ಲಿ ಹುಡುಗರಿಗೆ ತರಬೇತಿ ಕೊಡಿ, ನಮ್ಮ ಬಜೆಟ್ ಕೇಳಬೇಡಿ ಅಂತ. ಇನ್ನೊಂದು ತಮಾಷೆ ಅಂದ್ರೆ, 1979ರಲ್ಲಿ ಕೋರ್ಟು ತಡೆಯುವವರೆಗೂ ಸರ್ಕಾರದ ಈ ರೈಫಲ್ ಬೇಕಿದ್ರೆ ಎನ್‌ಆರ್‌ಎ ಎಂಬ ಖಾಸಗಿ ಸಂಘದ ಸದಸ್ಯನಾಗಲೇಬೇಕಿತ್ತು. ಬಂದೂಕು ಲಾಬಿ ಅಂತ ಈಗ ಜಗತ್ತು ಕರೆಯುವ ಅದೇ ಎನ್‌ಆರ್‌ಎ.

ಈ ಕಥೆಯ ನಡುಮಧ್ಯೆ ನಿಂತಿರುವ ಮನುಷ್ಯ ಜಾನ್ ಎಫ್. ಕೆನಡಿ. ಮಸಾಚುಸೆಟ್ಸ್ ಅಂದ್ರೆ ಬಂದೂಕು ಕಾರ್ಖಾನೆಗಳ ರಾಜ್ಯ. ಗ್ಯಾರಂಡ್ ಹುಟ್ಟಿದ ಸ್ಪ್ರಿಂಗ್‌ಫೀಲ್ಡ್ ಕೂಡ ಅಲ್ಲೇ ಇರೋದು. ಯುದ್ಧ ಮುಗಿದ ಮೇಲೆ ಯುರೋಪಿನ ಸೇನೆಗಳು ಬಿಸಾಕಿದ ರೈಫಲ್‌ಗಳು ಹಡಗುಗಟ್ಟಲೆ ಅಮೆರಿಕಕ್ಕೆ ಬಂದು ಅಗ್ಗಕ್ಕೆ ಮಾರಾಟವಾಗತೊಡಗಿದವು. ಸ್ಥಳೀಯ ಕಂಪನಿಗಳಿಗೆ ಹೊಟ್ಟೆ ಉರಿ. 1958ರಲ್ಲಿ ಆ ರಾಜ್ಯದ ಸೆನೆಟರ್ ಕೆನಡಿ, ಸೇನೆಗಾಗಿ ತಯಾರಾದ ಬಂದೂಕುಗಳ ಆಮದು ನಿಷೇಧಿಸುವ ಮಸೂದೆ ಮಂಡಿಸಿದರು. ಅದರ ಹಿಂದೆ ಇದ್ದದ್ದು ಜನರ ಜೀವದ ಚಿಂತೆಗಿಂತ ಹೆಚ್ಚಾಗಿ ಕಾರ್ಖಾನೆಗಳ ಚಿಂತೆ. ಮಸೂದೆ ಮಂಡಿಸಿದ ರೂಪದಲ್ಲಿ ಪಾಸಾಗಲಿಲ್ಲ. ಮರುವರ್ಷ ಅದೇ ಕೆನಡಿ ಸರ್ಕಾರದ ಕಾರ್ಯಕ್ರಮದ ಮೂಲಕ ತಮಗೊಂದು ಎಂ1 ಗ್ಯಾರಂಡ್ ತರಿಸಿಕೊಂಡರು!

1963ರ ಮಾರ್ಚ್‌ನಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಸುಳ್ಳು ಹೆಸರಿನಲ್ಲಿ ಷಿಕಾಗೋದ ಅಂಗಡಿಯೊಂದಕ್ಕೆ ಕೂಪನ್ ಕಳಿಸಿ, ಅಂಚೆಯಲ್ಲಿ ಒಂದು ರೈಫಲ್ ತರಿಸಿಕೊಂಡ. ಇಟಲಿ ಸೇನೆ ಬಿಟ್ಟ ಕಾರ್ಕಾನೋ. ಟೆಲಿಸ್ಕೋಪ್ ಸೇರಿಸಿ ಬೆಲೆ 19 ಡಾಲರ್ 95 ಸೆಂಟ್. ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯನ್ನು ಕೊಂದದ್ದು ಆ ರೈಫಲ್. ಐದು ವರ್ಷ ಎಳೆದಾಡಿ, ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಹತ್ಯೆಗಳೂ ಆದ ಮೇಲೆ, 1968ರ ಬಂದೂಕು ನಿಯಂತ್ರಣ ಕಾಯ್ದೆ ಬಂತು. ಅಂಚೆ ಮಾರಾಟಕ್ಕೆ ತಡೆ, ವಿದೇಶಿ ಸೇನೆಗಳ ಸರ್‌ಪ್ಲಸ್ ಆಮದಿಗೆ ತಡೆ. ಎರಡನೆಯದನ್ನು 1984ರಲ್ಲಿ ಸಡಿಲಿಸಿದರು, 'ಸಂಗ್ರಾಹಕರ ವಸ್ತು' ಆದರೆ ತರಬಹುದು ಅಂತ. ಪಬ್‌ಜಿಯಲ್ಲಿ ನಾವು ಜೀವ ಬಿಡುವ ಕಾರ್98 ಇದೆಯಲ್ಲ, ಅದರ ಅಸಲಿ ಜರ್ಮನ್ ರೈಫಲ್‌ಗಳು ರಷ್ಯಾದ ಗೋದಾಮುಗಳಿಂದ ಅಮೆರಿಕದ ಮನೆಗಳಿಗೆ ಹೋದದ್ದು ಈ ಬಾಗಿಲಿನಿಂದಲೇ.

ಅಂದ್ರೆ ಸರ್‌ಪ್ಲಸ್ ರೈಫಲ್‌ನ ಮೇಲಿನ ಕಾನೂನು ಯಾವತ್ತೂ ಬರೀ ಸುರಕ್ಷತೆಯ ಮಾತಾಗಿರಲಿಲ್ಲ. ಒಮ್ಮೆ ಕಾರ್ಖಾನೆ, ಒಮ್ಮೆ ಹತ್ಯೆ, ಒಮ್ಮೆ ವಿದೇಶಾಂಗ ನೀತಿ. ಇತ್ತೀಚಿನ ಉದಾಹರಣೆ ದಕ್ಷಿಣ ಕೊರಿಯಾದ್ದು. 2009ರಲ್ಲಿ ಅಲ್ಲಿನ ಸರ್ಕಾರ ತನ್ನಲ್ಲಿದ್ದ ಸುಮಾರು 87 ಸಾವಿರ ಗ್ಯಾರಂಡ್‌ಗಳನ್ನು, ಜೊತೆಗೆ ಲಕ್ಷಗಟ್ಟಲೆ ಎಂ1 ಕಾರ್ಬೈನ್‌ಗಳನ್ನು ಅಮೆರಿಕದ ವ್ಯಾಪಾರಿಗಳಿಗೆ ಮಾರಲು ಹೊರಟಿತು. ಒಬಾಮಾ ಸರ್ಕಾರ ಮೊದಲು ಹೂಂ ಅಂದು ಆಮೇಲೆ ಬೇಡ ಅಂದಿತು. 2013ರ ಆಗಸ್ಟ್‌ನಲ್ಲಿ, ಮ್ಯೂಸಿಯಂನಂಥ ಕೆಲವು ವಿನಾಯಿತಿ ಬಿಟ್ಟು, ಇಂಥ ವಾಪಸಾತಿಗಳನ್ನು ಖಾಸಗಿಯವರಿಗೆ ಕೊಡೋದಿಲ್ಲ ಅಂತ ಘೋಷಿಸಿತು. ಬೀದಿಯಿಂದ ಸೇನಾ ಆಯುಧ ದೂರ ಇಡುತ್ತೇವೆ ಅನ್ನೋದು ಕಾರಣ. ಕೇಳೋಕೆ ಚೆನ್ನಾಗಿದೆ. ಆದರೆ ನಾಲ್ಕು ಕೆಜಿಗೂ ಹೆಚ್ಚು ತೂಗುವ, ಎಂಟೇ ಗುಂಡು ಹಿಡಿಯುವ ಅಜ್ಜನ ಕಾಲದ ರೈಫಲ್ ತಡೆದು, ಪಕ್ಕದ ಅಂಗಡಿಯಲ್ಲಿ ಮೂವತ್ತು ಗುಂಡಿನ ಎಆರ್-15 ಮಾರೋಕೆ ಬಿಟ್ಟರೆ ಯಾವ ಬೀದಿ ಸುರಕ್ಷಿತ ಆಯ್ತು? ಸಂಸತ್ತಿನಲ್ಲಿ ಗೆಲ್ಲಲಾಗದ್ದಕ್ಕೆ ಕೈಗೆ ಸಿಕ್ಕಿದ್ದನ್ನು ತಡೆದರು, ಅಷ್ಟೇ. ಕೆಲವು ವರ್ಷಕ್ಕೇ, ಫಿಲಿಪೀನ್ಸ್‌ಗೆ ಕೊಟ್ಟಿದ್ದ ಸುಮಾರು 86 ಸಾವಿರ ಗ್ಯಾರಂಡ್‌ಗಳು ಅಮೆರಿಕ ಸೇನೆಯ ಸ್ವತ್ತಾಗಿಯೇ ಮರಳಿ ಸಿಎಂಪಿ ಸೇರಿದವು. ಬಂದೂಕು ಅದೇ, ಬಾಗಿಲು ಬೇರೆ.

ಈಗ ನಮ್ಮಂಥವರಿಗೆ ಇಷ್ಟವಾಗುವ ಭಾಗ. ಗ್ಯಾರಂಡ್ ಒಟ್ಟು ತಯಾರಾದದ್ದು ಸುಮಾರು 54 ಲಕ್ಷ. ಇನ್ನು ಹೊಸದಾಗಿ ಸೇನೆಯಿಂದ ಬರೋದಿಲ್ಲ. 1957ರಲ್ಲಿ ಅದರ ಜಾಗಕ್ಕೆ ಬಂದ ಎಂ14ರಲ್ಲಿ ಒಂದು ಪುಟ್ಟ ಸೆಲೆಕ್ಟರ್ ಇತ್ತು. ತಿರುಗಿಸಿದರೆ ಟ್ರಿಗರ್ ಒಮ್ಮೆ ಒತ್ತಿದಾಗ ಒಂದೇ ಗುಂಡಿನ ಬದಲು ಸಾಲಾಗಿ ಹೋಗುತ್ತವೆ. ಅಷ್ಟಕ್ಕೇ ಕಾನೂನಿನ ಕಣ್ಣಲ್ಲಿ ಅದು ಮೆಷಿನ್ ಗನ್. ಬಹಳಷ್ಟು ಎಂ14ಗಳನ್ನು ಸೈನಿಕರಿಗೆ ಕೊಟ್ಟದ್ದೇ ಸೆಲೆಕ್ಟರ್ ಲಾಕ್ ಮಾಡಿ. ಆದರೂ ಲೆಕ್ಕಕ್ಕಿಲ್ಲ. ಅಮೆರಿಕದ ಕಾನೂನಿನಲ್ಲಿ ಬಂದೂಕು ಅಂದ್ರೆ ಬ್ಯಾರಲ್ ಅಲ್ಲ, ಕಟ್ಟಿಗೆ ಹಿಡಿಯೂ ಅಲ್ಲ, ರಿಸೀವರ್. ಆ ಲೋಹದ ಚೌಕಟ್ಟು ಒಮ್ಮೆ ಮೆಷಿನ್ ಗನ್ ಆಗಿ ಹುಟ್ಟಿದರೆ ಸಾಯುವವರೆಗೂ ಮೆಷಿನ್ ಗನ್. ವೆಲ್ಡ್ ಮಾಡಿ, ಗ್ರೈಂಡ್ ಮಾಡಿ, ಏನೇ ಮಾಡಿ. 1986ರ ಮೇ 19ರ ನಂತರ ನೋಂದಣಿಯಾಗುವ ಮೆಷಿನ್ ಗನ್ ನಾಗರಿಕರಿಗೆ ಸಿಗೋದಿಲ್ಲ. ಎಂ16ಕ್ಕೂ ಅದೇ ಗತಿ.

ಮಾರೋಕಾಗಲ್ಲ ಸರಿ, ಕರಗಿಸಬಹುದಲ್ವಾ? ಅದಕ್ಕೂ ಅಡ್ಡಿ. ಎಂ14, ಗ್ಯಾರಂಡ್ ಮುಂತಾದವನ್ನು ನಾಶ ಮಾಡೋಕೆ ಹಣ ಖರ್ಚು ಮಾಡಬಾರದು ಅಂತ ರಕ್ಷಣಾ ಬಜೆಟ್‌ನಲ್ಲಿ ವರ್ಷವರ್ಷವೂ ಒಂದು ಸಾಲು ಸೇರಿಸುತ್ತಾ ಬಂದಿದ್ದಾರೆ. ಹಾಗಾಗಿ ಅವು ಮಾರುವಂತೆಯೂ ಇಲ್ಲದೆ, ಒಡೆಯುವಂತೆಯೂ ಇಲ್ಲದೆ ಗೋದಾಮಿನಲ್ಲಿ ಕೂತಿವೆ. ಒಂದಲ್ಲ ಒಂದು ದಿನ ಕಾನೂನು ಬದಲಾಗುತ್ತೆ ಅನ್ನುವ ನಂಬಿಕೆಯಲ್ಲೇ ಆ ಸಾಲು ಬದುಕಿರೋದು.

ಬೇಕು ಅನ್ನುವವರ ವಾದ ದಡ್ಡತನದ್ದಲ್ಲ. ಎಂ14ರ ಸೆಮಿ ಆಟೋಮ್ಯಾಟಿಕ್ ರೂಪವಾದ ಎಂ1ಎ 1970ರ ದಶಕದಿಂದ ಅಂಗಡಿಯಲ್ಲೇ ಸಿಗುತ್ತೆ. ಸೆಲೆಕ್ಟರ್ ತೆಗೆದ ಎಂ14ಕ್ಕೂ ಅದಕ್ಕೂ ಹೊಡೆಯುವ ವಿಷಯದಲ್ಲಿ ಏನು ವ್ಯತ್ಯಾಸ? ಏನೂ ಇಲ್ಲ, ಒಪ್ಪಿಕೊಳ್ಳೋಣ. ಆದರೆ ಅದನ್ನು ಮಾರಬೇಕಂದ್ರೆ 'ಒಮ್ಮೆ ಮೆಷಿನ್ ಗನ್, ಯಾವಾಗಲೂ ಮೆಷಿನ್ ಗನ್' ಅನ್ನುವ ಗೆರೆ ಅಳಿಸಬೇಕು. ಅಲ್ಲಿನ ಬಂದೂಕು ಕಾನೂನುಗಳಲ್ಲಿ ನಿಜಕ್ಕೂ ಕೆಲಸ ಮಾಡಿದ ಗೆರೆಗಳು ಕಡಿಮೆ, ಇದು ಅದರಲ್ಲೊಂದು. ನೋಂದಾಯಿತ ಮೆಷಿನ್ ಗನ್‌ನಿಂದ ಅಪರಾಧ ಆಗೋದು ತೀರಾ ಅಪರೂಪ. ಇನ್ನೊಂದು ಬದಿಯಿಂದ ಆ ಗೆರೆ ಆಗಲೇ ಸವೆದಿದೆ. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಬಂಪ್ ಸ್ಟಾಕ್ ಹಾಕಿದ ರೈಫಲ್ ಮೆಷಿನ್ ಗನ್ ಅಲ್ಲ ಅಂತ 6-3ರಲ್ಲಿ ತೀರ್ಪು ಕೊಟ್ಟಿತು. ತೀರ್ಪಿನೊಳಗೆ ಟ್ರಿಗರ್ ಮೆಕ್ಯಾನಿಸಂನ ಚಿತ್ರಗಳೂ ಇವೆ, ನಮ್ಮ ಕೈನೆಮ್ಯಾಟಿಕ್ಸ್ ಪುಸ್ತಕದ ಥರ. ಇಂಥ ಹೊತ್ತಲ್ಲಿ ಒಂದು ಗೋದಾಮು ಖಾಲಿ ಮಾಡೋಕೆ ವ್ಯಾಖ್ಯೆಯನ್ನೇ ತಿದ್ದಿದರೆ, ಆ ತಿದ್ದುಪಡಿ ಗೋದಾಮಿನ ಬಾಗಿಲಲ್ಲೇ ನಿಲ್ಲುತ್ತಾ?

ಸುಲಭದ ದಾರಿ ಬೇರೆ ಇದೆ, ಅದನ್ನು ಆಗಲೇ ಹಿಡಿದಿದ್ದಾರೆ. ಪಿಸ್ತೂಲು. ಸೇನೆಯ ಹಳೇ ಎಂ1911 ಪಿಸ್ತೂಲುಗಳನ್ನು ಸಿಎಂಪಿಗೆ ಕೊಡಲು ಸಂಸತ್ತು ಒಪ್ಪಿ, 2018ರಿಂದ ಲಾಟರಿ ಎತ್ತಿ ಮಾರುತ್ತಿದ್ದಾರೆ. ರೈಫಲ್ ಅಭ್ಯಾಸಕ್ಕೆ ಹುಟ್ಟಿದ ಸಂಸ್ಥೆಗೆ ಪಿಸ್ತೂಲು ಯಾಕೆ? ಅಮೆರಿಕದಲ್ಲಿ ಗುಂಡಿನಿಂದಾಗುವ ಕೊಲೆಗಳಲ್ಲಿ, ಯಾವ ಬಂದೂಕು ಅಂತ ಗೊತ್ತಾದವುಗಳಲ್ಲಿ, ಬಹುಪಾಲು ಕೈಪಿಸ್ತೂಲಿನವು. ಲಾಟರಿಯಲ್ಲಿ ಗೆದ್ದ ಸಂಗ್ರಾಹಕ ಹೋಗಿ ದರೋಡೆ ಮಾಡ್ತಾನೆ ಅಂತ ನಾನು ಹೇಳ್ತಿಲ್ಲ. ಆದರೆ ಸಂಸ್ಥೆಯ ಹೊಟ್ಟೆಪಾಡಿಗೆ ಸರ್ಕಾರ ಆಯುಧದ ಪಟ್ಟಿ ಬೆಳೆಸುವುದು ಕೆಟ್ಟ ಅಭ್ಯಾಸ.

ನಮ್ಮಲ್ಲಿ ಇದು ಚರ್ಚೆಯೇ ಅಲ್ಲ. ತ್ರೀ ನಾಟ್ ತ್ರೀ ನಿಷೇಧಿತ ಬೋರ್, ನಾಗರಿಕನಿಗೆ ಸಿಗೋದಿಲ್ಲ. ಆ ಗುಂಡು ಹಿಡಿಯದ .315 ರೈಫಲನ್ನೇ ಲೈಸೆನ್ಸ್ ಇದ್ದವರಿಗೆ ಮಾರುತ್ತಾ ಬಂದದ್ದು. ಕೊಡಗಿನವರಿಗೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇರೋದು ನಿಜ, ಆದರೆ ಅದು ಸೇನೆಯ ರೈಫಲ್ ಕೊಳ್ಳುವ ಪರವಾನಗಿ ಅಲ್ಲ. ತಮಾಷೆ ಏನಂದ್ರೆ, ಬಂಗಾಳದ ಇಛಾಪುರ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೇನೆ ಬಿಟ್ಟ ಎನ್‌ಫೀಲ್ಡ್‌ಗಳು ಅಮೆರಿಕದ ಸರ್‌ಪ್ಲಸ್ ಅಂಗಡಿಗಳಲ್ಲಿ ಮಾರಾಟವಾಗಿವೆ. ಇಲ್ಲಿ ನಮಗೆ ಕೊಡಬಾರದು ಅಂದ ರೈಫಲ್ ಅಲ್ಲಿ ಯಾರದೋ ಗೋಡೆ ಮೇಲಿದೆ.

ಮುಂದೆ ನೋಡಬೇಕಾದದ್ದು ಎಂ9 ಪಿಸ್ತೂಲನ್ನು. 2017ರಿಂದ ಅಮೆರಿಕ ಸೇನೆ ಅದನ್ನು ಬಿಟ್ಟು ಹೊಸದಕ್ಕೆ ಹೋಗುತ್ತಿದೆ. ಅದರಲ್ಲಿ ಸೆಲೆಕ್ಟರ್ ಇಲ್ಲ, ಹಾಗಾಗಿ ಮೆಷಿನ್ ಗನ್ ಕಾನೂನು ಅಡ್ಡ ಬರೋದಿಲ್ಲ. ಮ್ಯಾಗಜೀನಿನಲ್ಲಿ ಹದಿನೈದು ಗುಂಡು. ಎಂ1911ಕ್ಕೆ ತೆರೆದ ಬಾಗಿಲನ್ನು ಇದಕ್ಕೂ ತೆರೆಯೋಕೆ ಯಾವುದೋ ರಕ್ಷಣಾ ಮಸೂದೆಯಲ್ಲಿ ಒಂದೇ ಒಂದು ಸಾಲು ಸೇರಿಸಿದರೆ ಸಾಕು.