ಸಾಸಿವೆ ಸಾಲಿಗೆ ಯಾರು ದುಡ್ಡು ಕೊಡುತ್ತಾರೆ?

ಎಲೆಕೋಸಿನ ಹೊಲದಲ್ಲಿ 25 ಸಾಲಿಗೊಮ್ಮೆ ಜೋಡಿ ಸಾಲು ಸಾಸಿವೆ ಬಿತ್ತಿದರೆ, ವಜ್ರಬೆನ್ನಿನ ಪತಂಗ ಕೋಸನ್ನು ಬಿಟ್ಟು ಸಾಸಿವೆಯ ಮೇಲೆ ಮೊಟ್ಟೆಯಿಡುತ್ತದೆ. ಕಟು ಔಷಧಿ ಏನಿದ್ದರೂ ಆ ಸಾಸಿವೆಗೆ. ಕೋಸಿಗೆ ಬೇವಿನ ಬೀಜದ ಕಷಾಯ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮೂರು ದಶಕಗಳ ಹಿಂದೆಯೇ ಇದನ್ನು ತೋರಿಸಿಕೊಟ್ಟಿತು. ಟೊಮ್ಯಾಟೊಗೂ ಅಲ್ಲಿಯದೇ ಉಪಾಯವಿದೆ: 16 ಸಾಲಿಗೆ ಒಂದು ಸಾಲು ಚೆಂಡುಹೂವು. ಕಾಯಿಕೊರಕದ ಪತಂಗಕ್ಕೆ ಆ ಹೂವೆಂದರೆ ಪ್ರಾಣ.

ಬೆಂಗಳೂರಿನ ಪೀಣ್ಯ ದಾಟಿದರೆ ಹೆಸರಘಟ್ಟ. ಹೆಬ್ಬಾಳದಲ್ಲಿ ಕೀಟಗಳಿಗೆಂದೇ ಒಂದು ರಾಷ್ಟ್ರೀಯ ಬ್ಯೂರೋ, ಇನ್ನಷ್ಟು ಮುಂದೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ. ಇಷ್ಟು ವಿದ್ಯೆ ಸುತ್ತಮುತ್ತ ಇದ್ದೂ ಆನೇಕಲ್, ಸರ್ಜಾಪುರ, ಹೊಸಕೋಟೆಯ ತರಕಾರಿ ಬೆಳೆಗಾರ ಹುಳ ಕಂಡೊಡನೆ ಓಡುವುದು ಗೊಬ್ಬರದಂಗಡಿಗೆ. ‘ರೈತರಿಗೆ ತಿಳಿವಳಿಕೆ ಸಾಲದು’ ಎಂದು ವಿಚಾರ ಸಂಕಿರಣಗಳಲ್ಲಿ ಷರಾ ಬರೆಯುವುದು ಸುಲಭ. ನನಗೆ ಕಾಣುವುದೇ ಬೇರೆ.

ಇಂಥ ಸಮಗ್ರ ಕೀಟ ನಿರ್ವಹಣೆ ಮೊದಲು ಕೇಳುವುದು ದುಡ್ಡನ್ನಲ್ಲ, ಮುಂದಾಲೋಚನೆಯನ್ನು. ಕೋಸಿನ ಪೈರು ನಾಟಿಗೆ 15 ದಿನ ಮುಂಚೆ ಒಂದು ಸಾಲು ಸಾಸಿವೆ, ನಾಟಿಯಾದ 25 ದಿನಕ್ಕೆ ಇನ್ನೊಂದು. ಚೆಂಡುಹೂವಿನ ಸಸಿಗೆ 40 ದಿನ ಆಗಿರಬೇಕು, ಟೊಮ್ಯಾಟೊ ಸಸಿಗೆ 25. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಹುಳದ ಮೊಟ್ಟೆಗಳನ್ನು ನಾಶಮಾಡುವ ಟ್ರೈಕೋಗ್ರಾಮ ಕಣಜದ ಕಾರ್ಡು ತಂದರೆ ಕಣಜ ಹೊರಬರುವ ಮೊದಲೇ ಹೊಲದಲ್ಲಿ ಕಟ್ಟಬೇಕು. ಇದೆಲ್ಲ ಭೂಮಿ ತನ್ನ ಕೈಯಲ್ಲಿದೆ ಎಂಬ ನಂಬಿಕೆಯವನ ಕೆಲಸ.

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಸುತ್ತ ಆ ನಂಬಿಕೆಗೇ ಬರ. ಒಡೆಯ ಲೇಔಟಿನವರ ದಾರಿ ನೋಡುತ್ತಿರುತ್ತಾನೆ. ಅಲ್ಲಿಯವರೆಗೆ ಯಾರೋ ಬಾಯಿಮಾತಿನ ಗುತ್ತಿಗೆಯಲ್ಲಿ ಒಂದೋ ಎರಡೋ ಬೆಳೆ ತೆಗೆಯುತ್ತಾರೆ. ಮುಂದಿನ ಬೆಳೆಗೆ ಜೆಸಿಬಿ ಬರುತ್ತದೋ ಏನೋ ಎನ್ನುವವನಿಗೆ ಹೊಲದ ಮಿತ್ರಕೀಟಗಳನ್ನು ಉಳಿಸಿಕೊಳ್ಳಿ ಎಂದರೆ ಏನು ಬಂತು? ಅಂಗಡಿಯವನೋ ಸಂಜೆ ಎಂಟಕ್ಕೂ ಸಿಗುತ್ತಾನೆ, ಸಾಲವನ್ನೂ ಕೊಡುತ್ತಾನೆ, ಸಲಹೆ ಬಿಟ್ಟಿ. ಹೈದರಾಬಾದಿನ ಕೃಷಿ ವಿಸ್ತರಣಾ ಸಂಸ್ಥೆ ‘ಮ್ಯಾನೇಜ್’ 2003ರಲ್ಲಿ ಇಂಥ ಅಂಗಡಿಯವರಿಗೇ ಒಂದು ವರ್ಷದ ಡಿಪ್ಲೊಮಾ ಶುರುಮಾಡಿದ್ದು ಒಳ್ಳೆಯ ಯೋಚನೆ. ಆದರೆ ಡಿಪ್ಲೊಮಾ ಪಡೆದವನ ಲಾಭವೂ ಬಾಟಲಿಯಲ್ಲೇ ಇದೆಯಲ್ಲ!

ಕೊಳ್ಳುವವರ ಪಾಲೂ ಇದರಲ್ಲಿದೆ. ತೂತಿರುವ ಬದನೆಯನ್ನು ಸೂಪರ್‌ಮಾರ್ಕೆಟ್ಟು ಹಿಂದಕ್ಕೆ ಕಳಿಸುತ್ತದೆ. ಕೊಯ್ಲಿನ ಹಿಂದಿನ ದಿನ ಔಷಧಿ ಹೊಡೆದದ್ದು ಕಣ್ಣಿಗೆ ಕಾಣದ್ದರಿಂದ ಪಾಸಾಗುತ್ತದೆ. ಚೆಂಡುಹೂವಾದರೂ ಕೆ.ಆರ್. ಮಾರುಕಟ್ಟೆಯಲ್ಲಿ ನಾಲ್ಕು ಕಾಸು ತರುತ್ತದೆ. ಹುಳಕ್ಕೆಂದು ಬಿತ್ತಿದ ಸಾಸಿವೆಗೆ ಯಾರು ಕೊಡುತ್ತಾರೆ?

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ವಾಟ್ಸ್‌ಆಪ್ ಗುಂಪು ಕಟ್ಟಿಕೊಂಡು ‘ವಿಷಮುಕ್ತ’ ತರಕಾರಿ ತರಿಸುವವರು ಈಗ ಬೆಲೆ ಕೇಳುವುದು ಕೊಯ್ಲಿನ ದಿನ. ಅದನ್ನು ನಾಟಿಗೆ ಮುಂಚೆಯೇ ಮಾತಾಡಿ ಗೊತ್ತುಮಾಡಿಕೊಳ್ಳಲಿ, ಒಂದಿಷ್ಟು ಮುಂಗಡ ಕೊಡಲಿ, ಹೊರಗಿನ ಎರಡು ತೂತೆಲೆ ಸುಲಿದು ಕೋಸನ್ನು ಬೇಯಿಸಿಕೊಳ್ಳಲಿ. ಲೆಕ್ಕ ಹಾಕುವಾಗ ಸಾಸಿವೆ ಸಾಲು ನುಂಗಿದ ಜಾಗದ ಬಾಬ್ತನ್ನೂ ಸೇರಿಸಲಿ.