ಉಪಾಧ್ಯಾಯಿನಿಯ ಯೋಗ್ಯತೆಗೆ ಅಳತೆಗೋಲು ಯಾವುದು?

ಶಾಲೆಯ ಹಿರಿಮೆಯನ್ನು ಪರೀಕ್ಷೆಯಲ್ಲಿ ತೇರ್ಗಡೆಯಾದವರ ಎಣಿಕೆಯಿಂದಲೂ, ಗುರುವಿನ ಹಿರಿಮೆಯನ್ನು ಶಿಷ್ಯರು ಗೆದ್ದು ತಂದ ಬಹುಮಾನಗಳಿಂದಲೂ ಅಳೆಯುವುದು ಲೋಕರೂಢಿಯಾಗಿದೆ. ಈ ಅಳತೆಯು ಸುಳ್ಳೆಂದು ನಾವು ಹೇಳುವುದಿಲ್ಲ. ಸಾಲದೆಂದು ಮಾತ್ರ ಹೇಳುತ್ತೇವೆ. ಇದಕ್ಕೆ ದೃಷ್ಟಾಂತವಾಗಿ ನಮ್ಮ ಬಾಲಿಕೆಯರು ಹೆಚ್ಚಾಗಿ ನೋಡಿರದ ಒಂದು ಆಟವನ್ನೂ, ಅದನ್ನು ಕಲಿಸುವುದರಲ್ಲಿ ತಮ್ಮ ಆಯುಷ್ಯವನ್ನು ಸವೆಸಿದ ರಷ್ಯಾ ದೇಶದ ಒಬ್ಬ ಮಹಿಳೆಯ ಚರಿತ್ರೆಯನ್ನೂ ಆರಿಸಿಕೊಂಡಿದ್ದೇವೆ. ಆಕೆಯ ಹೆಸರು ತಮಾರಾ ಮೊಸ್ಕ್ವಿನಾ.

ಆಟವಾದರೋ ಜೋಡಿ ಸ್ಕೇಟಿಂಗ್ ಎಂಬುದು. ಕಿರಿದಾದ ಉಕ್ಕಿನ ಅಲಗುಗಳನ್ನು ಜೋಡಿಸಿದ ಬೂಟುಗಳನ್ನು ತೊಟ್ಟು, ಒಬ್ಬ ಪುರುಷನೂ ಒಬ್ಬ ಸ್ತ್ರೀಯೂ ಸಂಗೀತಕ್ಕೆ ಸರಿಯಾಗಿ ಮಂಜುಗಡ್ಡೆಯ ಮೇಲೆ ಜಾರುತ್ತಾ ನರ್ತಿಸುವರು. ಪುರುಷನು ತನ್ನ ಜೊತೆಗಾತಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಸಾಗುವನು, ಗಾಳಿಯಲ್ಲಿ ತೂರುವನು, ಆಕೆಯು ಬುಗುರಿಯಂತೆ ತಿರುಗಿ ಒಂದೇ ಅಲಗಿನ ಮೇಲೆ ಇಳಿಯಬೇಕು. ನೋಡುವವರಿಗೆ ಇದು ಹಂಸಗಳ ವಿಹಾರದಂತೆ ಕಂಡರೂ, ಆಡುವವರಿಗೆ ಕತ್ತಿಯಂಚಿನ ನಡಿಗೆಯೇ ಸರಿ. ಬೀಳದೆ ಇದನ್ನು ಕಲಿತವರು ಒಬ್ಬರೂ ಇಲ್ಲ.

ಮೊಸ್ಕ್ವಿನಾ ಅವರು 1941ನೆಯ ಇಸವಿ ಜೂನ್ 26ರಂದು ಲೆನಿನ್‌ಗ್ರಾಡ್ ಪಟ್ಟಣದಲ್ಲಿ ಜನಿಸಿದರು. ಜರ್ಮನ್ ಸೈನ್ಯವು ಆ ದೇಶದ ಮೇಲೆ ದಂಡೆತ್ತಿ ಬಂದು ಆಗ ನಾಲ್ಕೇ ದಿನಗಳಾಗಿದ್ದವು. ಗಿಡ್ಡ ಶರೀರದ ಈ ಹುಡುಗಿಯು ಬೆಳೆದು, ಒಂಟಿ ಸ್ಕೇಟಿಂಗಿನಲ್ಲಿ ಐದು ಸಾರಿ ಸ್ವದೇಶದ ವೀರಾಗ್ರಣಿಯಾದಳು. ಒಂದು ಕಾಲನ್ನು ಹಿಂದಿನಿಂದ ತಲೆಯ ಮೇಲಕ್ಕೆ ಎಳೆದು ಹಿಡಿದು ತಿರುಗುವ ಕಠಿಣವಾದ ಭಂಗಿಯನ್ನು 1960ರ ದಶಕದಲ್ಲಿಯೇ ಮಾಡಿ ತೋರಿಸಿದಳು. ಆದರೆ ಅದು ಮುಂದೆ ಲೋಕಪ್ರಸಿದ್ಧವಾದದ್ದು ಸ್ವಿಟ್ಜರ್ಲೆಂಡಿನ ಡೆನಿಸ್ ಬೀಲ್ಮನ್ ಎಂಬಾಕೆಯ ಹೆಸರಿನಿಂದ. ಒಂಟಿಯಾಗಿ ಜಾಗತಿಕ ಪದಕವು ದೊರೆಯದಿರಲು, ಆಕೆಯು ಜೋಡಿ ಸ್ಕೇಟಿಂಗಿಗೆ ತಿರುಗಿ ಅಲೆಕ್ಸೀ ಮಿಷಿನ್ ಎಂಬವರ ಜೊತೆಗೂಡಿದಳು. 1968ರ ಒಲಿಂಪಿಕ್ ಕ್ರೀಡೆಗಳಲ್ಲಿ ಇವರಿಗೆ ಐದನೆಯ ಸ್ಥಾನ; 1969ರ ಜಾಗತಿಕ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ. ಚಿನ್ನವು ಕೈಗೆ ಬರಲೇ ಇಲ್ಲ. ತರುವಾಯ ಇಬ್ಬರೂ ಗುರುಗಳೇ ಆದರು.

ಅಲ್ಲಿಂದ ಮುಂದಿನ ಕತೆ ಬೇರೆಯೇ. ತಮ್ಮ ಗುರುವೂ ಪತಿಯೂ ಆಗಿದ್ದ ಈಗರ್ ಮೊಸ್ಕ್ವಿನ್ ಅವರ ಹಾದಿಯನ್ನು ಹಿಡಿದ ಈಕೆ ತಯಾರುಮಾಡಿದ ಜೋಡಿಗಳು 1984, 1992, 1998 ಮತ್ತು 2002ರ ಒಲಿಂಪಿಕ್‌ಗಳಲ್ಲಿ ಚಿನ್ನವನ್ನು ಗೆದ್ದವು. ಆರ್ತುರ್ ದ್ಮಿತ್ರಿಯೆವ್ ಎಂಬ ಶಿಷ್ಯನು 1992ರಲ್ಲಿ ಒಬ್ಬಳ ಜೊತೆಗೂ 1998ರಲ್ಲಿ ಇನ್ನೊಬ್ಬಳ ಜೊತೆಗೂ ಚಿನ್ನ ಪಡೆದನು. 1998ರಲ್ಲಿ ಮೊದಲ ಎರಡು ಸ್ಥಾನಗಳೂ ಈಕೆಯ ಶಿಷ್ಯರಿಗೇ ಬಂದವು. 2021ರಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದಾಗ, ಈಕೆಯ ಮತ್ತೊಂದು ಜೋಡಿಯು ಜಾಗತಿಕ ವಿಜಯವನ್ನು ಹೊಂದಿತು.

ಲೋಕದ ಅಳತೆಗೋಲಿಗೆ ಇಷ್ಟೇ ಸಾಕು. ನಮ್ಮ ಮನಸ್ಸು ನಿಲ್ಲುವುದಾದರೋ ಬೇರೊಂದು ಸಂಗತಿಯಲ್ಲಿ. 1996ನೆಯ ಜನವರಿಯಲ್ಲಿ ಲಾಟ್ವಿಯಾದ ರೀಗಾ ಪಟ್ಟಣದಲ್ಲಿ ಅಭ್ಯಾಸ ನಡೆಯುತ್ತಿದ್ದಾಗ, ಯೆಲೆನಾ ಬೆರೆಜ್ನಾಯಾ ಎಂಬ ಹದಿನೆಂಟು ವಯಸ್ಸಿನ ಹುಡುಗಿಯ ತಲೆಗೆ, ತಿರುಗುತ್ತಿದ್ದ ಜೊತೆಗಾರನ ಅಲಗು ತಗಲಿ ಬುರುಡೆಯನ್ನೇ ಸೀಳಿತು. ಶಸ್ತ್ರಚಿಕಿತ್ಸೆಯಿಂದ ಪ್ರಾಣ ಉಳಿಯಿತು, ಮಾತು ಹೋಯಿತು. ನುಡಿಯುವುದನ್ನೂ ನಡೆಯುವುದನ್ನೂ ಕೂಸಿನಂತೆ ಮೊದಲಿನಿಂದ ಕಲಿಯಬೇಕಾಯಿತು. ಹೀಗೆ ಮುರಿದುಬಿದ್ದ ಹುಡುಗಿಯು ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು ಮೊಸ್ಕ್ವಿನಾ ಅವರ ಆಶ್ರಯದಲ್ಲಿ ಆಂಟನ್ ಸಿಖರುಲಿದ್ಜೆ ಎಂಬ ಯುವಕನೊಡನೆ ಪುನಃ ಮಂಜಿನ ಮೇಲೆ ಕಾಲಿಟ್ಟಳು. ಎರಡು ವರುಷ ಕಳೆಯುವಷ್ಟರಲ್ಲಿ ಒಲಿಂಪಿಕ್ ಬೆಳ್ಳಿಯನ್ನೂ, 2002ರಲ್ಲಿ ಚಿನ್ನವನ್ನೂ ಪಡೆದಳು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಸಾವಿನ ಬಾಗಿಲಿನಿಂದ ಹಿಂದಿರುಗಿದ ಹುಡುಗಿಯನ್ನು ಅದೇ ಅಪಾಯದ ಆಟಕ್ಕೆ ಮರಳಿ ನಿಲ್ಲಿಸಿದ್ದು ಕರುಣೆಯೋ, ಪದಕದ ಆಶೆಯೋ? ಈ ಪ್ರಶ್ನೆ ನ್ಯಾಯವಾದದ್ದೇ. ಬಲಾತ್ಕಾರದಿಂದ ನಿಲ್ಲಿಸಿದ್ದರೆ ಅದನ್ನು ಕ್ರೌರ್ಯವೆಂದು ನಾವೇ ಮೊದಲು ಹೇಳುತ್ತಿದ್ದೆವು. ಆದರೆ ಮರಳಿ ಆಡಬೇಕೆಂಬ ಹಂಬಲವು ಆ ಹುಡುಗಿಯದೇ ಆಗಿತ್ತು. ಅಲ್ಲದೆ ಪದಕವೊಂದೇ ಗುರಿಯಾಗಿದ್ದರೆ, ನೆಟ್ಟಗೆ ಮಾತನಾಡಲಾರದವಳನ್ನು ಯಾರು ತಾನೇ ಆರಿಸಿಕೊಂಡಾರು? ಆರೋಗ್ಯವುಳ್ಳವರು ಬೇಕಾದಷ್ಟು ಮಂದಿ ಇರಲಿಲ್ಲವೇ?

ಪದಕವು ಎಷ್ಟು ಅಸ್ಥಿರವಾದ ವಸ್ತುವೆಂಬುದಕ್ಕೂ ಇದೇ ಕತೆ ಸಾಕ್ಷಿ. 2002ರಲ್ಲಿ ಆ ಜೋಡಿಗೆ ಚಿನ್ನವಿತ್ತ ತೀರ್ಪಿನ ಮೇಲೆ ದೊಡ್ಡ ಗದ್ದಲವೆದ್ದಿತು. ಫ್ರಾನ್ಸಿನ ತೀರ್ಪುಗಾರ್ತಿಯ ನಡತೆಯು ವಿವಾದಕ್ಕೆ ಗುರಿಯಾಯಿತು. ಕೊನೆಗೆ ಕೆನಡಾದ ಜೋಡಿಗೂ ಚಿನ್ನದ ಪದಕವನ್ನು ಕೊಡಲಾಯಿತು. ಯಾರು ಶ್ರೇಷ್ಠರೆಂಬ ಜಗಳ ಈಗಲೂ ತೀರಿಲ್ಲ. ಆದರೆ ಮಾತು ಕಳೆದುಕೊಂಡಿದ್ದ ಹುಡುಗಿಯು ಮಾತನಾಡಿದಳು, ನಡೆದಳು, ಹಾರಿದಳು ಎಂಬುದರಲ್ಲಿ ಯಾವ ತೀರ್ಪುಗಾರರಿಗೂ ಭಿನ್ನಾಭಿಪ್ರಾಯವಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೇ. ಜಾಣೆಯನ್ನು ಮೊದಲನೆಯವಳನ್ನಾಗಿ ಮಾಡುವುದು ಉಪಾಧ್ಯಾಯಿನಿಯ ಕೆಲಸದಲ್ಲಿ ಸುಲಭವಾದ ಭಾಗ. ಬಿದ್ದವಳ ಪಕ್ಕದಲ್ಲಿ ನಿಂತು, ಅವಳು ತಾನೇ ಏಳುವ ತನಕ ಕಾಯುವುದು ಕಷ್ಟವಾದ ಭಾಗ. ನಮ್ಮ ತರಗತಿಗಳಲ್ಲಿಯೂ ರೋಗದಿಂದಲೋ ಬಡತನದಿಂದಲೋ ಮನೆಯ ದುಃಖದಿಂದಲೋ ಹಿಂದೆ ಬಿದ್ದ ಹುಡುಗಿಯರು ಕೊನೆಯ ಬೆಂಚಿನಲ್ಲಿ ಕುಳಿತಿರುವರು. ವಾರ್ಷಿಕ ವರದಿಯಲ್ಲಿ ಅವರ ಹೆಸರು ಬರುವುದಿಲ್ಲ. ಬಹುಮಾನ ಪಡೆದವರ ಪಟ್ಟಿಯನ್ನು ಸಂತೋಷದಿಂದ ಓದೋಣ. ಓದಿದ ಮೇಲೆ, ಹಿಂದೆ ಬಿದ್ದವರಲ್ಲಿ ಎಷ್ಟು ಮಂದಿ ಈ ವರುಷ ಎದ್ದು ನಿಂತರೆಂಬುದನ್ನೂ ತಪ್ಪದೆ ಕೇಳೋಣ.