ಪುನರುಜ್ಜೀವನ ಮತ್ತು ಜೀರ್ಣೋದ್ಧಾರ: ಜಾರ್ಜ್ ಗಿಲ್ಬರ್ಟ್ ಸ್ಕಾಟ್

ಇಂಗ್ಲೆಂಡಿನ ಗಾಥಿಕ್ ಪುನರುಜ್ಜೀವನದ ಪ್ರಮುಖ ವಾಸ್ತುಶಿಲ್ಪಿ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್ (1811–1878) ಅವರ ಮೇಲಿನ ಹಳೆಯ ಆಕ್ಷೇಪ ಒಂದುಂಟು. ಲಂಡನ್ನಿನ ವಿದೇಶಾಂಗ ಕಚೇರಿಗೆ ಅವರು ಸಿದ್ಧಪಡಿಸಿದ್ದ ಗಾಥಿಕ್ ವಿನ್ಯಾಸವನ್ನು ಪ್ರಧಾನಿ ಪಾಮರ್ಸ್ಟನ್ ಒಪ್ಪಲಿಲ್ಲ. ಸ್ಕಾಟ್ ಕೊನೆಗೆ ಮಣಿದು ಇಟಾಲಿಯನ್ ಶೈಲಿಯಲ್ಲಿ ಕಟ್ಟಿಕೊಟ್ಟರು. ಇದರಿಂದ ತತ್ತ್ವಭ್ರಷ್ಟರೆಂಬ ಹಣೆಪಟ್ಟಿ ಅವರಿಗೆ ಅಂಟಿತು. ಆದರೆ ಅವರ ವೃತ್ತಿಜೀವನದ ನಿಜವಾದ ಸಮಸ್ಯೆ ಇರುವುದು ಇಲ್ಲಲ್ಲ.

ಹೊಸ ಕಟ್ಟಡಕ್ಕೆ ಹಳೆಯ ಶೈಲಿಯನ್ನು ತೊಡಿಸುವುದು ವಂಚನೆಯಲ್ಲ. ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲನ್ನು ಯಾರೂ ಹದಿಮೂರನೆಯ ಶತಮಾನದ್ದೆಂದು ಭ್ರಮಿಸರು. ಭಾರತಕ್ಕೆ ಬಾರದೆಯೇ ಸ್ಕಾಟ್ ರೂಪಿಸಿದ ಮುಂಬಯಿ ವಿಶ್ವವಿದ್ಯಾನಿಲಯದ ಘಟಿಕೋತ್ಸವ ಭವನ ಮತ್ತು ರಾಜಾಬಾಯಿ ಗೋಪುರಗಳೂ ತಮ್ಮ ಕಾಲವನ್ನು ಮರೆಮಾಚುವುದಿಲ್ಲ. ಅಲ್ಲಿ ಗಾಥಿಕ್ ಎಂಬುದು ಕವಿಯೊಬ್ಬನು ಹಳೆಯ ಛಂದಸ್ಸನ್ನು ಹೊಸ ವಸ್ತುವಿಗೆ ಒಗ್ಗಿಸಿಕೊಂಡಂತೆ.

ಸಮಸ್ಯೆ ಇರುವುದು ಜೀರ್ಣೋದ್ಧಾರದಲ್ಲಿ. ಈಲಿ, ಲಿಚ್‌ಫೀಲ್ಡ್, ಸಾಲ್ಸ್‌ಬರಿ, ಚೆಸ್ಟರ್ ಮೊದಲಾದ ಕೆಥೀಡ್ರಲ್‌ಗಳೂ ಅನೇಕ ಗ್ರಾಮೀಣ ಚರ್ಚುಗಳೂ ಅವರ ಕೈಗೆ ಬಂದವು. ಸಡಿಲಗೊಂಡ ಗೋಡೆಗಳನ್ನು ಅವರು ಉಳಿಸಿದರೆಂಬುದು ನಿಜ. 1850ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಿಷ್ಠೆಯ ಜೀರ್ಣೋದ್ಧಾರಕ್ಕಾಗಿ ವಾದಿಸಿದವರೂ ಅವರೇ. ಆದರೂ ಆಚರಣೆಯಲ್ಲಿ ನಂತರದ ಕಾಲದ ಕಿಟಕಿ, ಚಾವಣಿ, ಪೀಠೋಪಕರಣಗಳು ಹಲವೆಡೆ ತೆರವಾದವು. ಆ ಜಾಗದಲ್ಲಿ 'ಮೂಲರೂಪ'ವೆಂದು ಊಹಿಸಿದ ಹೊಸ ಕೆಲಸ ಬಂದು ಕುಳಿತಿತು. ಇಂಥ ಜೀರ್ಣೋದ್ಧಾರವು ನಾಶಕ್ಕಿಂತ ಬೇರೆಯಲ್ಲವೆಂದು ರಸ್ಕಿನ್ 1849ರಲ್ಲಿಯೇ ಎಚ್ಚರಿಸಿದ್ದರು. 1877ರಲ್ಲಿ ಟ್ಯೂಕ್ಸ್‌ಬರಿ ಮಠದ ಚರ್ಚಿಗೆ ಸ್ಕಾಟ್ ಕೈಹಾಕಲಿದ್ದಾರೆಂಬ ಸುದ್ದಿಯಿಂದ ಕೆರಳಿದ ವಿಲಿಯಂ ಮಾರಿಸ್ ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದೇ ಸಂಘವೊಂದನ್ನು ಸ್ಥಾಪಿಸಿದರು.

ಗ್ರಂಥಸಂಪಾದನೆಯ ಅಭ್ಯಾಸಿಗಳಿಗೆ ಈ ವಿವಾದ ಅಪರಿಚಿತವೆನಿಸದು. ಓಲೆಗರಿಯ ಪಾಠಾಂತರಗಳನ್ನು ಅಳಿಸಿ, ಕವಿಯ ಮೂಲಪಾಠವಿದೆಂದು ಸಂಪಾದಕನು ತನ್ನ ಊಹೆಯನ್ನು ಮುದ್ರಿಸಿದರೆ ಆಗುವ ಹಾನಿಯೂ ಇದೇ. ಆದರೆ ಒಂದು ವ್ಯತ್ಯಾಸವುಂಟು: ತಿರಸ್ಕೃತ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಬಹುದು, ಕಿತ್ತೆಸೆದ ಕಲ್ಲಿಗೆ ಅಡಿಟಿಪ್ಪಣಿಯಿಲ್ಲ. ಸ್ಕಾಟ್ ಅವರ ಪ್ರತಿಭೆಯನ್ನು ಅವರು ಕಟ್ಟಿದ್ದರಲ್ಲಿ ಕಾಣಬೇಕು. ಅವರ ಹೊಣೆಯನ್ನು ಅಳೆಯಬೇಕಾದದ್ದು ಅವರು ತೆಗೆದುಹಾಕಿದ್ದರಿಂದ.